ಪ್ರೇಕ್ಷಕರಿಲ್ಲದ ಕಛೇರಿ

2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಜರ್ ವಾಟರ್ಸ್ ಹಾಡಿದಾಗ ನಾನೂ ಅಲ್ಲಿದ್ದೆ. ಕಂಡದ್ದು ಮುಂದಿದ್ದವರ ತಲೆಗಳೇ ಹೆಚ್ಚು. ಪಿಂಕ್ ಫ್ಲಾಯ್ಡ್ ತಂಡವನ್ನು ನಾನು ನಿಜವಾಗಿ ನೋಡಿದ್ದು ಮನೆಯ ಪರದೆಯ ಮೇಲೆ, ಏಡ್ರಿಯನ್ ಮೇಬನ್ ನಿರ್ದೇಶಿಸಿದ ‘ಲೈವ್ ಅಟ್ ಪಾಂಪೆ’ ಚಿತ್ರದಲ್ಲಿ. ಮುದ್ರಿತ ಕಛೇರಿ ಎರಡನೆಯ ದರ್ಜೆಯದೆಂಬ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ.

1971ರ ಅಕ್ಟೋಬರ್. ಕ್ರಿ.ಶ. 79ರಲ್ಲಿ ವೆಸೂವಿಯಸ್‌ನ ಬೂದಿಯಡಿ ಹೂತುಹೋದ ಪಟ್ಟಣದ ಬಯಲು ರಂಗಮಂದಿರದಲ್ಲಿ ನಾಲ್ವರು ನುಡಿಸುತ್ತಾರೆ. ಟಿಕೆಟ್ ಕೊಂಡವರು ಒಬ್ಬರೂ ಇಲ್ಲ. ವಿದ್ಯುತ್ತಿಗಾಗಿ ಊರೊಳಗಿನಿಂದ ಕೇಬಲ್ ಎಳೆಯಬೇಕಾಯಿತು. ಒಂದು ಕೃತಿಯುದ್ದಕ್ಕೂ ಕ್ಯಾಮೆರಾ ಬಹುಪಾಲು ಡ್ರಮ್ ವಾದಕ ನಿಕ್ ಮೇಸನ್ ಅವರ ಮೇಲೆಯೇ ನಿಲ್ಲುತ್ತದೆ. ಉಳಿದ ರೀಲುಗಳು ಕಳೆದುಹೋದದ್ದು ಕಾರಣವಂತೆ. ಕಡತ ಕಳೆದುಹೋಗಿ ಒಳಿತಾದ ಉದಾಹರಣೆ ನನ್ನ ಸೇವಾವಧಿಯಲ್ಲಿ ಒಂದೂ ಇಲ್ಲ! ನಡುವೆ ಅವರ ಕೈಯಿಂದ ಕೋಲೊಂದು ಜಾರುತ್ತದೆ. ಲಯ ಕೆಡದಂತೆ ಮತ್ತೊಂದನ್ನು ಎತ್ತಿಕೊಳ್ಳುತ್ತಾರೆ.

ಕಛೇರಿಗೆ ಬೇಕಾಗುವ ಮಾನವ ಶ್ರಮ ಕಾಲ ಕಳೆದರೂ ತಗ್ಗದೆಂದು ಬೌಮಲ್ ಮತ್ತು ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿಯೇ ವಾದಿಸಿದ್ದರು. ಆ ಶ್ರಮವನ್ನು ಕಣ್ಣಾರೆ ಕಾಣುವುದೇ ಇಂತಹ ಮುದ್ರಿಕೆಗಳ ಸುಖ. ಇಂದಿನ ಸಂಕಲನಕಾರರಾದರೋ ಎರಡೆರಡು ಸೆಕೆಂಡಿಗೆ ದೃಶ್ಯ ಬದಲಿಸಿ, ಕುಣಿಯುವ ಜನರನ್ನು ತೋರಿಸಿ, ತಪ್ಪುಗಳನ್ನು ತಿದ್ದಿ, ಅದನ್ನೇ ಮರೆಮಾಚುತ್ತಾರೆ.

2025ರಲ್ಲಿ ಈ ಚಿತ್ರ ಸಂಸ್ಕರಣಗೊಂಡು ಚಿತ್ರಮಂದಿರಗಳಿಗೆ ಮರಳಿತು. ಜಾರಿದ ಕೋಲನ್ನೂ ತಿದ್ದಿಬಿಟ್ಟಿರುವರೇನೋ ಎಂಬ ಅಂಜಿಕೆ ನನಗಿತ್ತು. ಪುಣ್ಯಕ್ಕೆ, ಅದು ಹಾಗೆಯೇ ಇದೆ.