ಶಾಲು ಮಾಲಿಗೆ, ನೀರು ಗಿಡಕ್ಕೆ

ಹೋದ ಬೇಸಿಗೆಯಲ್ಲಿ ಹೆಬ್ಬಾಳದ ಕಡೆ ಒಂದು ಹಳೇ ಬಂಗಲೆಯಲ್ಲಿ ನಮ್ಮ ಭಾವನವರಿಗೆ ಸನ್ಮಾನ ಇತ್ತು. ಅವರು ಅಲ್ಲಿ 38 ವರ್ಷದಿಂದ ಮಾಲಿ. ಬ್ರಿಟಿಷರ ಕಾಲದ ಹೆಂಚಿನ ಮನೆ, ಸುತ್ತ ತೋಟ. "ಊಟಕ್ಕೆ ನೀನೂ ಬಾರಯ್ಯ, ದೊಡ್ಡವರ ಮಧ್ಯೆ ನನಗೊಬ್ಬನಿಗೇ ಸಂಕೋಚ" ಅಂತ ಕರೆದರು. ಯಲಹಂಕದಾಚೆಯ ನಮ್ಮ ಹಳ್ಳಿಯಿಂದ ಬಸ್ಸು ಹಿಡಿದು ಹೋದೆ.

ಊಟ ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಳೀ ಬಟ್ಟೆ ಹಾಸಿದ ಮೇಜು, ಗಾಜಿನ ಲೋಟ, ಮಧ್ಯೆ ಭಾವ ಬೆಳೆಸಿದ ಗುಲಾಬಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯ್ತು. ಮನೆಯವರು ಪ್ರೀತಿಯಿಂದಲೇ ಮಾಡಿದರು. ಕೊನೆಗೆ "ಎರಡು ಮಾತಾಡಿ" ಅಂದರು. ಭಾವ ಎದ್ದು ನಿಂತು, "ಬೋರ್‌ವೆಲ್‌ನಲ್ಲಿ ನೀರು ಬರ್ತಿಲ್ಲ. ಹೊಸ ಮಾವಿನ ಸಸಿಗೆ ನೀರು ಹಾಕಿ ನಾಲ್ಕು ದಿನ ಆಯ್ತು. ಒಂದು ಟ್ಯಾಂಕರ್ ಹೇಳಿಸಿ ಸ್ವಾಮಿ" ಅಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಟ್ಯಾಂಕರ್ ಬಂದದ್ದು ಮರುವಾರ. ಅಷ್ಟರಲ್ಲಿ ಆರು ಸಸಿಯಲ್ಲಿ ಎರಡು ಒಣಗಿದ್ದವು.

ಗಿಡ ಬೆಳೆಸಿದವರಿಗೆ ಮರ್ಯಾದೆ ಅಂದರೆ ಯಾವುದು? ನನ್ನ ಅಭಿಪ್ರಾಯ ಇಷ್ಟೇ. ಅವರು ಬೆಳೆಸಿದ್ದನ್ನು ಉಳಿಸುವುದೇ ಮರ್ಯಾದೆ. ಶಾಲು ಆಮೇಲಿನದು.

ದೊಡ್ಡ ಮನೆಯ ಸನ್ಮಾನ

ಇದು ಒಂದು ಬಂಗಲೆಯ ಕಥೆ ಮಾತ್ರ ಅಲ್ಲ. ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರನ್ನೇ ನೋಡಿ. ಹುಲಿಕಲ್‌ನಿಂದ ಕುದೂರಿನ ಕಡೆಗೆ ರಸ್ತೆ ಬದಿ 385 ಆಲದ ಮರ ಬೆಳೆಸಿದ ತಾಯಿ. ಗಂಡ ಚಿಕ್ಕಯ್ಯನವರೂ ಇವರೂ ಕೂಲಿ ಮಾಡಿಕೊಂಡೇ ಬಿಂದಿಗೆಯಲ್ಲಿ ನೀರು ಹೊತ್ತರು, ದನ ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿದರು. ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರಿಗೆ ಎಷ್ಟು ಬೆಲೆ ಅಂತ ಒಣಬೇಸಾಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2019ರ ಮಾರ್ಚ್‌ನಲ್ಲಿ ಅವರಿಗೆ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಕೊಟ್ಟರು. ಒಂದು ಕಾಲಕ್ಕೆ ವೈಸ್‌ರಾಯ್ ಇದ್ದ ಮನೆ ಅದು. ಆ ತಾಯಿ ರಾಷ್ಟ್ರಪತಿಗಳ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ದೇಶವೇ ಸಂತೋಷಪಟ್ಟಿತು. ಅದೇ ವರ್ಷ ಜೂನ್ ಹೊತ್ತಿಗೆ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಲ್ಲಿ ಆ ಆಲದ ಮರಗಳಿಗೇ ಕೊಡಲಿ ಬೀಳುವ ಭಯ ಬಂತು. ನೂರು ದಾಟಿದ ಅಜ್ಜಿ ಮುಖ್ಯಮಂತ್ರಿಗಳ ಹತ್ತಿರ ಹೋಗಿ, ನನ್ನ ಮರ ಉಳಿಸಿ ಅಂತ ಕೇಳಬೇಕಾಯ್ತು. ಬೇರೆ ದಾರಿ ನೋಡುವ ಭರವಸೆ ಸಿಕ್ಕಿತು, ನಿಜ. ಆದರೆ ಮಾರ್ಚ್‌ನಲ್ಲಿ ಪ್ರಶಸ್ತಿ, ಜೂನ್‌ನಲ್ಲಿ ಅರ್ಜಿ! 2025ರ ನವೆಂಬರ್‌ನಲ್ಲಿ ತಿಮ್ಮಕ್ಕನವರು ತೀರಿಕೊಂಡರು. ಇನ್ನು ಆ ಮರಗಳ ಪರವಾಗಿ ಯಾರು ಹೋಗಿ ಕೇಳಬೇಕು?

ಅಂಕೋಲಾದ ತುಳಸಿ ಗೌಡರೂ ಹಾಗೆಯೇ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಎಷ್ಟೋ ವರ್ಷ ದಿನಗೂಲಿಯಲ್ಲಿ ದುಡಿದ ಮೇಲೆ ಕೆಲಸ ಕಾಯಂ ಆಯಿತು. 2021ರಲ್ಲಿ ಬರಿಗಾಲಲ್ಲಿ ಅದೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಆ ಫೋಟೋ ಎಲ್ಲರೂ ನೋಡಿದ್ದೀರಿ. ಆ ದಿನಗೂಲಿಯ ವರ್ಷಗಳ ಫೋಟೋ ಯಾರೂ ತೆಗೆದಿಲ್ಲ.

ರಸ್ತೆ ಬೇಡವೇ?

ಬೇಕು. ನಾನೂ ಅವರೆಕಾಯಿ ಮೂಟೆ ಹಾಕಿಕೊಂಡು ಬಳ್ಳಾರಿ ರಸ್ತೆಯಲ್ಲೇ ಹೋಗುವವನು. ಆ ರಸ್ತೆಗೆ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಮಾಡಲು 812 ಮರ ಹೋಗುತ್ತವೆ ಅಂದಾಗ ಜನ ರಸ್ತೆಗಿಳಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅಂದರೆ ಕೇಳುವವರಿದ್ದರೆ ಮರ ಉಳಿಯುತ್ತೆ.

ಹಾಗಂತ ತಪ್ಪೆಲ್ಲ ಪೇಟೆಯವರದೇ ಅಲ್ಲ. ನಮ್ಮದು ಮಳೆ ನಂಬಿದ ಮೂರು ಎಕರೆ. ರಾಗಿ, ಅವರೆ, ಹುಚ್ಚೆಳ್ಳು. ಒಂದು ವರ್ಷ ಊರಲ್ಲಿ ಪರಿಸರ ದಿನ ಅಂತ ನನಗೂ ಹಾರ ಹಾಕಿ ಇಪ್ಪತ್ತು ಸಸಿ ಕೊಟ್ಟರು. ಬದುವಿನ ಮೇಲೆ ಹೊಂಗೆ, ಹಲಸು, ಹುಣಸೆ ನೆಟ್ಟೆ. ಎರಡನೇ ಬೇಸಿಗೆಗೆ ನನಗೇ ಸೋಮಾರಿತನ ಬಂತು. ಉಳಿದದ್ದು ಏಳು. ನೆಡುವುದು ಒಂದು ದಿನದ ಕೆಲಸ, ನೀರು ಹಾಕುವುದು ಮೂರು ಬೇಸಿಗೆಯ ಕೆಲಸ. ಹಾರ ಬಿದ್ದದ್ದು ನೆಟ್ಟ ದಿನ. ಆ ಏಳು ಗಿಡಕ್ಕೆ ಕೊಡ ಹೊತ್ತ ನನ್ನ ಹೆಂಡತಿಗೆ ಯಾರೂ ಹಾರ ಹಾಕಲಿಲ್ಲ.

ಆದ್ದರಿಂದ ಸನ್ಮಾನ ಮಾಡುವವರಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇನೆ.

ಒಂದು, ಶಾಲು ಹೊದಿಸುವ ಮುಂಚೆ ಮಾಲಿಯ ಜೊತೆ ಒಂದು ಗಂಟೆ ತೋಟ ಸುತ್ತಿ. ಯಾವ ಗಿಡ ಯಾವಾಗ ಚಿಗುರುತ್ತೆ, ಯಾವುದಕ್ಕೆ ಹುಳ ಬೀಳುತ್ತೆ ಅಂತ ಅವರು ಹೇಳಿದ್ದನ್ನು ಬರೆದಿಡಿ. ಅವರು ಹೋದ ಮೇಲೆ ಅದು ಸಿಗಲ್ಲ.

ಎರಡು, ಊಟದ ಖರ್ಚಿನಲ್ಲಿ ಅರ್ಧ ಗಿಡದ ನೀರಿಗೆ ತೆಗೆದಿಡಿ.

ಮೂರು, ನಗರದಲ್ಲಿ ಮರ ಕಡಿಯಲು ಮರ ಅಧಿಕಾರಿಯ ಅಪ್ಪಣೆ ಬೇಕು ಅಂತ 1976ರ ಕಾಯ್ದೆ ಇದೆ. ಅಪ್ಪಣೆ ಕೇಳುವ ಮುಂಚೆ ಅದನ್ನು ಬೆಳೆಸಿದವರನ್ನೂ ಒಂದು ಮಾತು ಕೇಳಿ.

ಭಾವ ಆ ಶಾಲನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಈಚೆಗೆ ಸಿಕ್ಕಾಗ ಅದರ ಮಾತು ತೆಗೆಯಲಿಲ್ಲ. ಉಳಿದ ನಾಲ್ಕು ಸಸಿ ಚಿಗುರಿವೆ ಅಂತ ಮಾತ್ರ ಹೇಳಿದರು. ನೀವೇನಂತೀರಿ? ಬರೆಯಿರಿ.