‘ಡಕೋಟಾ’ ಎಂಬುದು ಬೈಗುಳವಲ್ಲ

ಕನ್ನಡದ ಆಡುಮಾತಿನಲ್ಲಿ ‘ಡಕೋಟಾ’ ಎಂದರೆ ಲಟಲಟ ಸದ್ದು ಮಾಡುತ್ತ, ನಿಂತು ನಿಂತು ಸಾಗುವ ಹಳೆಯ ವಾಹನ. ಕಿಟಕಿಗೆ ಗಾಜಿಲ್ಲದ ಬಸ್ಸಾಗಲಿ, ತಳ್ಳಿದರಷ್ಟೇ ಹೊರಡುವ ಸ್ಕೂಟರಾಗಲಿ ನಮ್ಮ ಬಾಯಲ್ಲಿ ಡಕೋಟಾ ಆಗಿಬಿಡುತ್ತದೆ. ಈ ಹೆಸರು ಮೂಲತಃ ಒಂದು ವಿಮಾನದ್ದು. ಅದೂ ಎಂಥ ವಿಮಾನ! ಎರಡನೆಯ ಮಹಾಯುದ್ಧವನ್ನು ಗೆಲ್ಲಲು ನೆರವಾದ ಪ್ರಮುಖ ಸಾಧನಗಳ ಸಾಲಿನಲ್ಲಿ ಜೀಪು, ಬುಲ್‌ಡೋಜರ್‌ಗಳ ಜೊತೆಗೆ ಜನರಲ್ ಐಸೆನ್‌ಹೋವರ್ ಹೆಸರಿಸಿದ ವಿಮಾನವದು. ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲಿ ಕಾಶ್ಮೀರವನ್ನು ಉಳಿಸಿಕೊಳ್ಳಲು ಸೈನಿಕರನ್ನು ಹೊತ್ತೊಯ್ದದ್ದೂ ಅದೇ. ಇಂಥದ್ದರ ಹೆಸರನ್ನು ನಾವು ಗುಜರಿಗೆ ಪರ್ಯಾಯವಾಗಿ ಬಳಸುತ್ತೇವೆಂದರೆ, ಹಳೆಯ ಯಂತ್ರಗಳ ಬಗ್ಗೆ ನಮಗಿರುವ ಧೋರಣೆಯ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ.

ಉಳಿದರ್ಧ ಕಥೆಗೆ ಆ ವಿಮಾನದ ಬಾಗಿಲನ್ನು ನೋಡಬೇಕು. ಡಗ್ಲಸ್ ಕಂಪನಿಯ ಡಿಸಿ-3 ಪ್ರಯಾಣಿಕ ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಯುದ್ಧ ಬಂದಾಗ ಅದೇ ವಿಮಾನವನ್ನು ಸೇನಾ ಸಾಗಣೆಗೆ ಹೊಂದಿಸಿ ಸಿ-47 ಎಂದು ಕರೆದರು. ಬ್ರಿಟಿಷರು ಇಟ್ಟ ಹೆಸರು ಡಕೋಟಾ. ಪ್ರಯಾಣಿಕ ವಿಮಾನಕ್ಕೂ ಇದಕ್ಕೂ ಇದ್ದ ಮುಖ್ಯ ವ್ಯತ್ಯಾಸಗಳು ಎರಡು: ಭಾರ ತಾಳುವಂತೆ ಬಲಪಡಿಸಿದ ನೆಲ ಮತ್ತು ಎಡಬದಿಯ ಹಿಂಭಾಗದಲ್ಲಿ ತೆರೆದುಕೊಳ್ಳುವ, ಸುಮಾರು ಏಳು ಅಡಿ ಅಗಲದ ಎರಡು ಹಲಗೆಗಳ ಬಾಗಿಲು. ಜೀಪನ್ನೇ ಒಳಗೆ ಏರಿಸಬಹುದಾದಷ್ಟು ದೊಡ್ಡದು. ಆ ದೊಡ್ಡ ಬಾಗಿಲಿನೊಳಗೇ ಮನುಷ್ಯರು ಓಡಾಡಲು, ಪ್ಯಾರಾಚೂಟ್ ಕಟ್ಟಿಕೊಂಡವರು ಹೊರಕ್ಕೆ ಧುಮುಕಲು ಒಂದು ಚಿಕ್ಕ ಬಾಗಿಲು. ಈ ಬಾಗಿಲಿಲ್ಲದಿದ್ದರೆ ಡಕೋಟಾ ಮತ್ತೊಂದು ಪ್ರಯಾಣಿಕ ವಿಮಾನವಷ್ಟೇ.

ನಮ್ಮ ಇತಿಹಾಸದ ಎಷ್ಟೋ ಗಳಿಗೆಗಳು ಈ ಬಾಗಿಲನ್ನು ಹಾದು ಬಂದಿವೆ. 1947ರ ಅಕ್ಟೋಬರ್ 27ರ ಬೆಳಗ್ಗೆ ಶ್ರೀನಗರದಲ್ಲಿ ಇಳಿದ ಡಕೋಟಾಗಳಿಂದ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಮತ್ತು ಅವರ ಸಿಖ್ ಬೆಟಾಲಿಯನ್ನಿನ ಯೋಧರು ಕೆಳಗಿಳಿದರು. ರಾಯ್ ಅದೇ ದಿನ ಹುತಾತ್ಮರಾದರು. ಮುತ್ತಿಗೆಗೆ ಒಳಗಾಗಿದ್ದ ಪೂಂಛ್‌ಗೆ ಇದೇ ಬಾಗಿಲಿನಿಂದ ಮದ್ದುಗುಂಡು ಇಳಿಯಿತು, ನಿರಾಶ್ರಿತರು ಹತ್ತಿದರು. ಬಾಂಬರ್ ವಿಮಾನಗಳು ಸಾಲದಿದ್ದಾಗ ಬಾಂಬುಗಳನ್ನು ಕೈಯಿಂದಲೇ ಉರುಳಿಸಿ ಹೊರಕ್ಕೆ ತಳ್ಳಿದ್ದೂ ಉಂಟು. 1948ರ ಮೇ 24ರಂದು ಏರ್ ಕಮೋಡರ್ ಮೆಹರ್ ಸಿಂಗ್ ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಎತ್ತರದ ಲೇಹ್‌ನಲ್ಲಿ ಡಕೋಟಾ ಇಳಿಸಿದಾಗ ಅವರೊಡನೆ ಇದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. 1971ರ ಡಿಸೆಂಬರ್ 11ರಂದು ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಪಡೆ ಧುಮುಕಿದಾಗಲೂ, ಹೊಸ ತಲೆಮಾರಿನ ವಿಮಾನಗಳ ಜೊತೆಗೆ ಡಕೋಟಾಗಳು ಇದ್ದವು.

ವಿಪರ್ಯಾಸವೆಂದರೆ, ಹಳೆಯ ವಿಮಾನದಲ್ಲಿ ಬೇಗ ಹಾಳಾಗುವ ಭಾಗಗಳಲ್ಲಿ ಬಾಗಿಲೂ ಒಂದು. ಹಗಲಿರುಳು ತೆರೆದು ಮುಚ್ಚುವಾಗ, ಸರಕು ತಗುಲಿದಾಗ ಪೆಟ್ಟು ತಿನ್ನುವುದು ಅದೇ. ಸೈನಿಕರು ಧುಮುಕುವ ಹಾರಾಟಗಳಲ್ಲಿ ಚಿಕ್ಕ ಬಾಗಿಲನ್ನು ಕಳಚಿಟ್ಟು ಹೊರಡುವುದು ರೂಢಿ. ಯುದ್ಧ ಮುಗಿದ ಮೇಲೆ ಎಷ್ಟೋ ಸಿ-47ಗಳು ಪ್ರಯಾಣಿಕ ವಿಮಾನಗಳಾದವು. ಆಗ ದೊಡ್ಡ ಬಾಗಿಲನ್ನು ತೆಗೆದು, ಮೆಟ್ಟಿಲಿನ ಪುಟ್ಟ ಬಾಗಿಲು ಕೂರಿಸಿ, ಉಳಿದ ಜಾಗಕ್ಕೆ ತಗಡು ಹೊಡೆದರು. ಇನ್ನು ಬಯಲಲ್ಲಿ ನಿಂತ ವಿಮಾನಗಳಲ್ಲಿ ಬಾಗಿಲಿನ ಕೆಳ ಅಂಚಿಗೆ ಮಳೆನೀರು ಇಳಿದು ನಿಲ್ಲುತ್ತದೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಎರಡು ತಗಡುಗಳು ಒಂದರ ಮೇಲೊಂದು ಕೂತ ಕಡೆ, ಉಕ್ಕಿನ ಬೋಲ್ಟು ತಾಗಿದ ಕಡೆ, ಬಿಳಿಯ ಹಿಟ್ಟಿನಂತೆ ಒಳಗೊಳಗೇ ಸವೆಯುತ್ತದೆ. ಹೊರಗಿನ ಬಣ್ಣ ಮಾತ್ರ ನೆಟ್ಟಗಿರುತ್ತದೆ.

ಅಂಥ ಬಾಗಿಲನ್ನು ಮರಳಿ ರೂಪಿಸುವುದು ಸಹನೆಯ ಕೆಲಸ. ಮೊದಲು ಪ್ರತಿಯೊಂದು ರಿವೆಟ್ಟಿನ ತಲೆಯನ್ನೂ ಸುತ್ತಲಿನ ತೂತು ದೊಡ್ಡದಾಗದಂತೆ ಕೊರೆದು ತೆಗೆಯಬೇಕು. ಬಿಚ್ಚಿದ ಹಳೆಯ ತಗಡನ್ನು ಎಸೆಯುವಂತಿಲ್ಲ. ಹೊಸ ತಗಡನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ತೂತು ಹಾಕಬೇಕು ಎಂಬುದಕ್ಕೆ ಅದೇ ಮಾದರಿ. ವಿಮಾನದ ಒಡಲು ದುಂಡಗಿರುವುದರಿಂದ ಬಾಗಿಲೂ ಅದೇ ಬಾಗನ್ನು ಪಡೆಯಬೇಕು. ಅದಕ್ಕಾಗಿ ಒಳಚೌಕಟ್ಟನ್ನು ಅಚ್ಚಿನಲ್ಲಿ ಬಿಗಿದಿಟ್ಟು ಕೆಲಸ ಮಾಡಬೇಕು; ಸ್ವಲ್ಪ ತಿರುಚಿಕೊಂಡರೂ ಚಿಲಕ ಕೂರದು. ಕೆಲವು ಬಗೆಯ ರಿವೆಟ್ಟುಗಳನ್ನು ಕಾಯಿಸಿ, ಥಟ್ಟನೆ ತಣಿಸಿ, ಶೀತಪೆಟ್ಟಿಗೆಯಲ್ಲಿಟ್ಟು, ಅವು ಗಡುಸಾಗುವ ಮುನ್ನವೇ ಬಡಿದು ಮುಗಿಸಬೇಕು. ಬಡಿಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಸುತ್ತಿಗೆಯಂತ್ರ ಹಿಡಿದರೆ, ಒಳಗಿನಿಂದ ಇನ್ನೊಬ್ಬರು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ಕೈಗಳು ಒಂದೇ ಲಯದಲ್ಲಿ ನಡೆಯಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಇಷ್ಟು ಕಷ್ಟವೇಕೆ, ಹೊಸದಾಗಿ ಒಂದು ಬಾಗಿಲು ಮಾಡಿಸಿ ಕೂರಿಸಿದರೆ ಸಾಲದೆ? ಈ ಪ್ರಶ್ನೆ ನಮಗೆ ಹೊಸದೇನಲ್ಲ. ನಮ್ಮ ಊರುಗಳಲ್ಲಿ ದೇವಾಲಯಗಳ ಜೀರ್ಣೋದ್ಧಾರ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದವರಿಗೆ ಇದು ಗೊತ್ತಿರುವ ಸಂಗತಿ. ಶತಮಾನಗಳ ಕಲ್ಲಿನ ನೆಲದ ಮೇಲೆ ಟೈಲ್ಸ್, ಶಿಲ್ಪದ ಮೇಲೆ ಎನಾಮೆಲ್ ಬಣ್ಣ. ಭಕ್ತಿಗೆ ಕೊರತೆಯಿಲ್ಲ, ಹಣಕ್ಕೂ ಕೊರತೆಯಿಲ್ಲ. ಹಳೆಯದರಲ್ಲಿ ಯಾವುದು ಉಳಿಯಬೇಕೆಂದು ನಿರ್ಧರಿಸುವ ವಿವೇಕಕ್ಕೆ ಮಾತ್ರ ಕೊರತೆ. ನಗರಗಳ ವೃತ್ತಗಳಲ್ಲಿ ಕಂಬದ ಮೇಲೆ ನಿಲ್ಲಿಸಿದ ಯುದ್ಧವಿಮಾನಗಳಿಗೂ ನಾವು ಇದೇ ಉಪಚಾರ ಮಾಡುತ್ತೇವೆ: ಹಬ್ಬ ಬಂದಾಗ ಒಂದು ಕೋಟು ಬಣ್ಣ.

ಹಾರುವ ವಿಮಾನದಲ್ಲಿ ಸುರಕ್ಷತೆಯೇ ಮೊದಲು. ಸವೆದ ಲೋಹ ಎಷ್ಟೇ ಐತಿಹಾಸಿಕವಾಗಿರಲಿ, ಭಾರ ಹೊರುವ ಜಾಗದಿಂದ ಅದನ್ನು ತೆಗೆಯಲೇಬೇಕು. ವಸ್ತುಸಂಗ್ರಹಾಲಯದ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಬಾಗಿಲಿನ ಅಂಚಿನ ಪ್ರತಿ ತಗ್ಗು, ಬಣ್ಣದ ಪ್ರತಿ ಪದರ, ತಪಾಸಣೆಗಾರನ ಮಸುಕಾದ ಮುದ್ರೆ ಎಲ್ಲವೂ ದಾಖಲೆ. ಎರಡೂ ಕಡೆ ಒಂದು ನಿಯಮ ಮಾತ್ರ ಸಮಾನ: ತೆಗೆದದ್ದನ್ನು ಚಿತ್ರ ಸಹಿತ ಬರೆದಿಡಬೇಕು, ಹೊಸದಾಗಿ ಸೇರಿಸಿದ್ದರ ಮೇಲೆ ಇಸವಿ ಕೆತ್ತಬೇಕು. ಮುಂದೆ ಬರುವವರಿಗೆ ಹಳೆಯದೆಷ್ಟು, ನಮ್ಮ ಕೈಕೆಲಸವೆಷ್ಟು ಎಂಬುದು ತಿಳಿಯಬೇಕು.

ಈ ಎಚ್ಚರ ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. 1944ರ ನಾರ್ಮಂಡಿ ದಾಳಿಯಲ್ಲಿ ಪ್ಯಾರಾಚೂಟ್ ಪಡೆಗಳನ್ನು ಹೊತ್ತ ಎಂಟುನೂರಕ್ಕೂ ಹೆಚ್ಚು ವಿಮಾನಗಳ ಮುಖ್ಯ ತಂಡವನ್ನು ಮುನ್ನಡೆಸಿದ ಸಿ-47 ‘ದಟ್ಸ್ ಆಲ್, ಬ್ರದರ್’, ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಹೊಸ ಎಂಜಿನ್ನುಗಳ ಬೇರೊಂದು ವಿಮಾನವಾಗಿ ಬದಲಾಗಲು ಸರದಿಯಲ್ಲಿ ನಿಂತಿತ್ತು. ಅದರ ಗುರುತು ಹಿಡಿದ ಮೇಲೆ 2015ರಲ್ಲಿ ಸಾರ್ವಜನಿಕರಿಂದ ದೇಣಿಗೆ ಎತ್ತಲಾಯಿತು. 2018ರಲ್ಲಿ ಅದು ಮತ್ತೆ ಹಾರಿತು. 2019ರಲ್ಲಿ, ದಾಳಿಯ 75ನೇ ವರ್ಷಕ್ಕೆ, ಅಟ್ಲಾಂಟಿಕ್ ದಾಟಿ ನಾರ್ಮಂಡಿಯ ಆಕಾಶಕ್ಕೇ ಮರಳಿತು.

ಅವರು ಶ್ರೀಮಂತರು, ನಮ್ಮಿಂದ ಆಗದು ಎನ್ನುವವರು ಬೆಂಗಳೂರಿನ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಇಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಸಿ-47ಗಳು ದುರಸ್ತಿಗೆ ಇಲ್ಲಿಗೆ ಬಂದವು. ಕ್ಯಾಟಲಿನಾ ಎಂಬ ನೀರವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದವು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಕೆಡಿಸಲಾಗಿತ್ತು. ಅವುಗಳಿಗೆ ಹಾರಲು ಬೇಕಾದಷ್ಟೇ ದುರಸ್ತಿ ಮಾಡಿ, ಪೈಲಟ್ ಜಮಶೇದ್ ಮುನ್ಷಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿನ ಕಾರ್ಮಿಕರು ಸುಮಾರು 40 ಬಾಂಬರ್‌ಗಳಿಗೆ ಮರುಜೀವ ಕೊಟ್ಟರು. ಅವು 1960ರ ದಶಕದ ಕೊನೆಯವರೆಗೂ ಸೇವೆಯಲ್ಲಿದ್ದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ತನ್ನ ಹೆಮ್ಮೆಯ ಆಸ್ತಿಯೆಂದು ಕಾಯ್ದುಕೊಂಡಿರುವ ಲಿಬರೇಟರ್ 1974ರಲ್ಲಿ ಅಲ್ಲಿಗೆ ಹೋದದ್ದು ಭಾರತೀಯ ವಾಯುಪಡೆಯಿಂದಲೇ.

ಅಂಥ ಊರಿನವರಾದ ನಾವು ನಮ್ಮದೇ ಡಕೋಟಾಕ್ಕೆ ಮಾಡಿದ್ದೇನು? ಡಕೋಟಾ ಪೈಲಟ್ ಆಗಿದ್ದ ಏರ್ ಕಮೋಡರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ, ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ಅವರ ಪುತ್ರ ರಾಜೀವ್ ಚಂದ್ರಶೇಖರ್, ಹಳೆಯ ಡಕೋಟಾ ಒಂದನ್ನು ಕೊಂಡು, ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆಯಾಗಿ ನೀಡಿದರು. ‘ಪರಶುರಾಮ’ ಎಂಬ ಆ ವಿಮಾನ, 1947ರಲ್ಲಿ ಶ್ರೀನಗರಕ್ಕೆ ಹೋದ ಡಕೋಟಾದ ನೆನಪಿಗೆ ಅದರ ಸಂಖ್ಯೆಯಾದ ವಿಪಿ 905ನ್ನೇ ಹೊತ್ತಿದೆ. ಮೆಚ್ಚತಕ್ಕ ಕೆಲಸ. ಆದರೆ ದುರಸ್ತಿ ನಡೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಹಳೆಯ ವಿಮಾನಗಳ ಕಾರ್ಯಾಗಾರಗಳಿವೆ, ತರಬೇತಿ ಪಡೆದ ಕೈಗಳಿವೆ; ಆದ್ದರಿಂದ ಆ ಆಯ್ಕೆ ಸಹಜವೇ. ಪ್ರಶ್ನೆ ಇಷ್ಟೇ: ಒಂದು ಕಾಲದಲ್ಲಿ ಅಮೆರಿಕದ ವಿಮಾನಗಳೇ ದುರಸ್ತಿಗೆ ಬರುತ್ತಿದ್ದ ನಗರದಿಂದ ಆ ಸಹಜತೆ ಯಾವಾಗ ಜಾರಿಹೋಯಿತು?

ಶಾಲೆಗಳ ಸೂರು ಸೋರುವಾಗ ಹಳೆಯ ವಿಮಾನದ ಬಾಗಿಲಿಗೆ ದುಡ್ಡೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಬರಲೂಬೇಕು. ಅದಕ್ಕೆ ಭಾವುಕತೆ ಉತ್ತರವಾಗದು. ನಿಜವಾದ ಉತ್ತರ ಆ ಬಾಗಿಲಿನ ಕೆಲಸದಲ್ಲೇ ಇದೆ. ತಗಡು ಬಾಗಿಸುವುದು, ರಿವೆಟ್ ಬಡಿಯುವುದು, ಸವೆತ ಪತ್ತೆಹಚ್ಚುವುದು ಇಂದಿನ ವಿಮಾನಗಳ ದುರಸ್ತಿಗೂ ಬೇಕಾದ ವಿದ್ಯೆಗಳು. ಒಂದು ಐಟಿಐ ವಿದ್ಯಾರ್ಥಿಗೆ ಚಾಕ್‌ಬೋರ್ಡಿನ ಚಿತ್ರಕ್ಕಿಂತ, ತಿರುಚಿದ ಹಳೆಯ ಬಾಗಿಲೊಂದು ಹೆಚ್ಚು ಕಲಿಸುತ್ತದೆ. ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವುಂಟು. ಹಾರುವ ವಿಮಾನದಲ್ಲಿ ಇಲ್ಲ.

ಆದ್ದರಿಂದ ಈ ಲೇಖಕನ ಸಲಹೆ ದೊಡ್ಡದೇನೂ ಅಲ್ಲ. ಬೆಂಗಳೂರಿನಲ್ಲಿ 2001ರಿಂದ ಎಚ್‌ಎಎಲ್‌ನ ವೈಮಾನಿಕ ವಸ್ತುಸಂಗ್ರಹಾಲಯವಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ಇಲ್ಲಿಯೇ ಹುಟ್ಟಿದ ಮಾರುತ್ ಯುದ್ಧವಿಮಾನ ನಿಂತಿದೆ. ನಿವೃತ್ತ ಫಿಟ್ಟರ್‌ಗಳು, ತಪಾಸಣಾಧಿಕಾರಿಗಳು ಇದೇ ನಗರದ ಬಡಾವಣೆಗಳಲ್ಲಿ ನೆಲೆಸಿದ್ದಾರೆ. ಇಂಥ ಸಂಗ್ರಹಾಲಯಗಳು, ಐಟಿಐಗಳು ಮತ್ತು ಈ ಹಿರಿಯರು ಒಂದು ಸೂರಿನಡಿ ಸೇರುವ ಸಾರ್ವಜನಿಕ ಕಾರ್ಯಾಗಾರವೊಂದು ಬೇಕು. ಇಡೀ ವಿಮಾನದಿಂದ ಆರಂಭಿಸಬೇಕಿಲ್ಲ; ಒಂದು ಬಾಗಿಲಿನಿಂದ ಆರಂಭಿಸಿದರೆ ಸಾಕು. ಜನ ಬಂದು ನೋಡಲಿ, ಮಕ್ಕಳು ರಿವೆಟ್ಟಿನ ಸದ್ದು ಕೇಳಲಿ, ಮಾಡಿದ ಕೆಲಸವೆಲ್ಲ ಕನ್ನಡದಲ್ಲಿಯೂ ದಾಖಲಾಗಲಿ.

ಲೋಹವನ್ನು ನಾಳೆಯೂ ಕೊಳ್ಳಬಹುದು, ನಕ್ಷೆಗಳನ್ನು ಹುಡುಕಿಯಾದರೂ ತರಬಹುದು. ಆದರೆ ಎಂಬತ್ತರ ಅಂಚಿನಲ್ಲಿರುವ ಫಿಟ್ಟರ್ ಒಬ್ಬರ ಕೈಯಲ್ಲಿರುವ ಅಂದಾಜು ಯಾವ ಉಗ್ರಾಣದಲ್ಲೂ ಸಿಗದು. ಅವರು ಕಲಿಸಲು ಸಿದ್ಧರಿರುವಾಗಲೇ ಕಲಿಯಲು ಯಾರನ್ನಾದರೂ ಕಳಿಸುವ ಹೊಣೆ ನಮ್ಮದು.