ಕಳ್ಳ ಮಾಡಿದ ಬಿಲ್ಲು ಯಾರ ಲೆಕ್ಕಕ್ಕೆ?

ಬೆಳೆಗಾರ ಬಂಧುಗಳಲ್ಲಿ ಒಂದು ಪ್ರಶ್ನೆ. ತೋಟದ ಕೆಲಸಕ್ಕೆಂದು ನಿಮ್ಮ ಹೆಸರಿನಲ್ಲಿ ಸಿಮ್ಮು ಪಡೆದು ಮೇಸ್ತ್ರಿಯ ಕೈಗೆ ಕೊಟ್ಟ ಫೋನು ಕಳುವಾಯಿತು. ಕಳ್ಳನು ಅದರಲ್ಲಿ ಮನಸೋ ಇಚ್ಛೆ ಮಾತನಾಡಿದ. ತಿಂಗಳ ಕೊನೆಗೆ ಬಿಲ್ಲು ಬಂತು. ಕಟ್ಟಬೇಕಾದವರು ಯಾರು? ಕಂಪೆನಿ ನಿಮ್ಮತ್ತ ಕೈ ತೋರಿಸುತ್ತದೆ. ನೀವು ಮೇಸ್ತ್ರಿಯತ್ತ ತೋರಿಸುತ್ತೀರಿ. ಮೇಸ್ತ್ರಿಗೆ ಕೈ ತೋರಿಸಲು ಯಾರೂ ಉಳಿದಿಲ್ಲ. ಕೊನೆಗೆ ಬಟವಾಡೆಯ ದಿನ ಅವನ ಲೆಕ್ಕದಲ್ಲಿ ಆ ಮೊತ್ತ ಕಡಿತವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ. ಈ ಪದ್ಧತಿ ಅನ್ಯಾಯದ್ದು, ಅನಾವಶ್ಯಕವಾದದ್ದು, ಕೊನೆಗೆ ನಮಗೇ ನಷ್ಟ ತರುವಂಥದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಲೆನಾಡಿನ ತೋಟಗಳಿಗೂ ಬಯಲುಸೀಮೆಯ ವಿಜಯಪುರಕ್ಕೂ ಎತ್ತಣ ಸಂಬಂಧ ಎಂದು ಈ ಪತ್ರಿಕೆಯ ಓದುಗರು ಕೇಳಲಾರರು. ಕಾಫಿ ಕುಯ್ಲಿಗೆ ಸ್ಥಳೀಯ ಆಳು ಸಾಲದೆ ಹೋದಂದಿನಿಂದ ನಮ್ಮ ಹಲವು ಸದಸ್ಯರ ಲೈನ್ ಮನೆಗಳಲ್ಲಿ ದೀಪ ಹಚ್ಚುತ್ತಿರುವವರು ಆ ಕಡೆಯವರೇ. ತಿಕೋಟಾ, ಬಬಲೇಶ್ವರಗಳ ಹಳ್ಳಿಗಳಿಂದ, ತಾಂಡಾಗಳಿಂದ ಮೇಸ್ತ್ರಿಯೊಬ್ಬ ಹತ್ತು ಹದಿನೈದು ಜನರನ್ನು ಕರೆತರುತ್ತಾನೆ. ಮುಂಗಡದಿಂದ ಹಿಡಿದು ವಾಪಸು ಹೋಗುವ ಬಸ್ಸಿನ ತನಕ ಎಲ್ಲ ವ್ಯವಹಾರವೂ ಅವನ ಫೋನಿನ ಮೇಲೆ. ಆದುದರಿಂದಲೇ ಮನೆಮಂದಿಗೆಲ್ಲ ಸೇರಿ ಒಂದೇ ಪೋಸ್ಟ್‌ಪೇಯ್ಡ್ ಯೋಜನೆ ಪಡೆದು, ಅದರಲ್ಲೊಂದು ಸಿಮ್ಮನ್ನು ಮೇಸ್ತ್ರಿಗೆ ಕೊಡುವ ರೂಢಿ ನಮ್ಮಲ್ಲಿ ಬೆಳೆದಿದೆ.

ಕಳೆದ ಕುಯ್ಲಿನಲ್ಲಿ ನಡೆದದ್ದನ್ನು ಹೆಸರುಗಳನ್ನು ಬಿಟ್ಟು ಹೇಳುತ್ತೇವೆ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ರೊಬಸ್ಟಾ ಹಣ್ಣು ಗಿಡದಲ್ಲಿದ್ದರೂ ಆ ಕಡೆಯ ಜನ ನಾಲ್ಕು ದಿನ ಊರಿಗೆ ಹೋಗಿಬರುವುದನ್ನು ತಡೆಯಲಾಗದು, ತಡೆಯಲೂ ಬಾರದು. ನಮ್ಮ ಸದಸ್ಯರೊಬ್ಬರ ಮೇಸ್ತ್ರಿ, ತಿಕೋಟಾ ಕಡೆಯವನು, ಜಾತ್ರೆಯ ಜನಜಂಗುಳಿಯಲ್ಲಿ ಫೋನು ಕಳೆದುಕೊಂಡ. ಯಜಮಾನರ ಮಗ ಹೊರದೇಶದಲ್ಲಿರುವ ಕಾರಣ ಆ ಯೋಜನೆಯಲ್ಲಿ ವಿದೇಶಿ ಕರೆಯ ಸೌಲಭ್ಯವೂ ತೆರೆದಿತ್ತು. ಮೇಸ್ತ್ರಿ ತೋಟಕ್ಕೆ ಮರಳಿ ವಿಷಯ ತಿಳಿಸಿದ್ದು ಐದನೆಯ ದಿನ. "ಫೋನ್ ಹೋತ್ರೀ ಸಾಹುಕಾರ್ರ, ತ್ವಾಟಕ್ಕ ಬಂದ ಮ್ಯಾಲ ಹೇಳಿದ್ರಾತು ಅನ್ಕೊಂಡಿದ್ದೆ" ಎಂದನಂತೆ. ಐನೂರು ರೂಪಾಯಿಯ ಸುತ್ತ ಬರುತ್ತಿದ್ದ ಬಿಲ್ಲು ಒಂಬತ್ತು ಸಾವಿರ ದಾಟಿತು. ಸದಸ್ಯರು ಗೊಣಗುತ್ತ ಕಟ್ಟಿದರು. ಕಟ್ಟಿದ್ದನ್ನು ಮೇಸ್ತ್ರಿಯ ಲೆಕ್ಕಕ್ಕೆ ಬರೆದರು.

ಮುಂಗಾರಿನಲ್ಲಿ ಆಳುಗಳ ಮಾತುಕತೆಗೆಂದು ನಾವು ಆ ಭಾಗಕ್ಕೆ ಹೋದಾಗ ಈ ಕಥೆಯ ಇನ್ನೊಂದು ಮಗ್ಗುಲು ಕೇಳಿಬಂತು. ಆ ಮೇಸ್ತ್ರಿ ಇನ್ನು ನಮ್ಮ ಕಡೆಗೆ ಬರುವುದಿಲ್ಲ. ಅವನೊಡನೆ ಬರುತ್ತಿದ್ದವರೂ ಬರುವುದಿಲ್ಲ. ಏತ ನೀರಾವರಿಯ ನೀರು ಹರಿದ ಕಡೆ ದ್ರಾಕ್ಷಿ, ದಾಳಿಂಬೆ, ನಿಂಬೆಯ ತೋಟಗಳಲ್ಲಿ ಅವರಿಗೂ ಊರ ಹತ್ತಿರವೇ ಕೆಲಸವಿದೆ. ಒಂಬತ್ತು ಸಾವಿರ ಉಳಿಸಲು ಹೋಗಿ ಹದಿನಾಲ್ಕು ಜನ ಕುಯ್ಲಾಳುಗಳನ್ನು ಕಳೆದುಕೊಂಡದ್ದು ಯಾವ ಲೆಕ್ಕ? ಹಣ್ಣು ಉದುರಿ ನೆಲಕ್ಕೆ ಬಿದ್ದಾಗ ಅದರ ಬೆಲೆ ತಿಳಿಯುತ್ತದೆ.

ಲಾಭನಷ್ಟ ಹಾಗಿರಲಿ, ಕಾನೂನಾದರೂ ಏನು ಹೇಳುತ್ತದೆ? 1936ರ ವೇತನ ಪಾವತಿ ಕಾಯ್ದೆಯೂ, 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಈ ವಿಷಯದಲ್ಲಿ ಒಂದೇ ಮಾತು ಹೇಳಿವೆ. ಕೆಲಸಗಾರನ ವಶಕ್ಕೆ ಒಪ್ಪಿಸಿದ ವಸ್ತು ನಷ್ಟವಾದರೆ, ಆ ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಕೂಲಿಯಲ್ಲಿ ಕಡಿತ ಮಾಡಬಹುದು. ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ. ಜಾತ್ರೆಯಲ್ಲಿ ಜೇಬು ಕತ್ತರಿಸಿಕೊಂಡವನನ್ನು ಅಲಕ್ಷ್ಯದವನೆನ್ನುವುದು ಸುಲಭವಲ್ಲ. ಹಾಗೆಂದರೆ ಬ್ಯಾಂಕಿನ ಮೆಟ್ಟಿಲ ಮೇಲೆ ಪಾಕೀಟು ಕಳೆದುಕೊಂಡ ನಮ್ಮ ನಿಮ್ಮಂಥವರೂ ಅಲಕ್ಷ್ಯದವರೇ.

ಹಾಗಾದರೆ ಬಿಲ್ಲನ್ನು ಯಜಮಾನ ಸುಮ್ಮನೆ ಕಟ್ಟಿಬಿಡಬೇಕೆ? ಅದೂ ಅಲ್ಲ. ತಕರಾರು ಮಾಡಬೇಕು. ಅದಕ್ಕೆ ದಾರಿಗಳಿವೆ, ಆದರೆ ಎಲ್ಲ ದಾರಿಗಳೂ ಆರಂಭವಾಗುವುದು ನೀವು ಕಂಪೆನಿಗೆ ತಿಳಿಸಿದ ಗಳಿಗೆಯಿಂದ. ತಿಳಿಸಿದ ಮೇಲೆ ಆದ ಕರೆಗೆ ನೀವು ಹೊಣೆಯಲ್ಲವೆಂದು ವಾದಿಸುವುದು ಸುಲಭ. ತಿಳಿಸುವ ಮೊದಲು ಆದ ಕರೆಯ ವಿಷಯದಲ್ಲಿ ಕಂಪೆನಿ ಒಪ್ಪಂದದ ಷರತ್ತನ್ನು ಮುಂದೊಡ್ಡುತ್ತದೆ, ವಾದ ಕಷ್ಟವಾಗುತ್ತದೆ. ಮೇಲಿನ ಪ್ರಸಂಗದಲ್ಲಿ ಹಣ ಕಳೆದದ್ದು ಫೋನು ಹೋದದ್ದರಿಂದಲ್ಲ. ಐದು ದಿನ ಸುಮ್ಮನಿದ್ದುದರಿಂದ. ಮೇಸ್ತ್ರಿ ಸುಮ್ಮನಿದ್ದುದು ಏಕೆ? ಹೇಳಿದರೆ ಬೈಗುಳ, ಕಡಿತ ಎಂಬ ಅಂಜಿಕೆಯಿಂದ. ಕಡಿತದ ಭಯವಿರುವ ತೋಟದಲ್ಲಿ ಸುದ್ದಿ ಯಾವಾಗಲೂ ತಡವಾಗಿಯೇ ಬರುತ್ತದೆ. ಇದನ್ನು ಯಜಮಾನರಾದವರು ಮನಗಾಣಬೇಕು.

ಅದೇ ಜಾತ್ರೆಯಲ್ಲಿ ಬಬಲೇಶ್ವರ ಕಡೆಯ ಇನ್ನೊಬ್ಬ ಆಳಿನ ಫೋನೂ ಹೋಯಿತು. ಅವನು ಪಕ್ಕದ ಅಂಗಡಿಯವರ ಫೋನಿನಿಂದ ಆ ಕೂಡಲೇ ತನ್ನ ಯಜಮಾನರಿಗೆ ತಿಳಿಸಿದ. ಅವರು ಇಲ್ಲಿಂದಲೇ ಕಂಪೆನಿಗೆ ಹೇಳಿ ಅರ್ಧ ಗಂಟೆಯಲ್ಲಿ ಸಿಮ್ಮು ನಿಲ್ಲಿಸಿದರು. ಫೋನು ಮರಳಿ ಸಿಗಲಿಲ್ಲ. ಆದರೆ ಒಂದು ರೂಪಾಯಿ ಹೆಚ್ಚಿನ ಬಿಲ್ಲೂ ಬರಲಿಲ್ಲ. ಆ ಆಳು ಈ ವರ್ಷವೂ ಬರುತ್ತಿದ್ದಾನೆ.

ಈಗ ಮಾಡಬೇಕಾದ ಕೆಲಸದ ಕ್ರಮ. ಮೊದಲು ಸಿಮ್ಮು ನಿಲ್ಲಿಸಬೇಕು. ಅದೇ ಕಂಪೆನಿಯ ಇನ್ನೊಂದು ಫೋನಿನಿಂದ 198ಕ್ಕೆ ಕರೆ ಮಾಡಿ ದೂರು ಕೊಟ್ಟು, ಅವರು ಹೇಳುವ ದೂರು ಸಂಖ್ಯೆಯನ್ನೂ ಗಂಟೆ ನಿಮಿಷವನ್ನೂ ಬರೆದಿಟ್ಟುಕೊಳ್ಳಿ. ಈ ಸಂಖ್ಯೆ ಕೊಡುವುದು ಕಂಪೆನಿಯ ಕರ್ತವ್ಯ. ಮುಂದೆ ನಿಮ್ಮ ಮುಖ್ಯ ಸಾಕ್ಷಿಯೇ ಅದು.

ಎರಡನೆಯದು ಬ್ಯಾಂಕು. ಇಂದು ಕೂಲಿ ಸೇರುವುದೂ ಖರ್ಚಾಗುವುದೂ ಫೋನಿನಲ್ಲೇ. ಬ್ಯಾಂಕಿಗೆ ತಿಳಿಸಿ ಫೋನಿನ ಹಣದ ವ್ಯವಹಾರವನ್ನು ತಡೆಹಿಡಿಸಿ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಇಟ್ಟ ತತ್ವವನ್ನು ನೆನಪಿಡಿ: ಗ್ರಾಹಕನ ಅಜಾಗ್ರತೆಯಿಂದ ಹಣ ಹೋಗಿದ್ದರೂ, ಅವನು ಬ್ಯಾಂಕಿಗೆ ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಅದೇ ವರ್ಷ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯವಾಯಿತು. ಪಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಫೋನಿನ ಕವರಿನೊಳಗೆ ಇಡುವ ಅಭ್ಯಾಸ ನಮ್ಮ ಆಳುಗಳಲ್ಲಿ ಬಹಳ. ಅದು ಬೀಗದ ಜೊತೆಗೆ ಕೀಲಿಯನ್ನೂ ಕೊಟ್ಟಂತೆ.

ಮೂರನೆಯದು ಪೊಲೀಸು ದೂರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಕಳುವು ಎಲ್ಲಿ ಆಗಿದ್ದರೂ ಯಾವ ಠಾಣೆಯಲ್ಲಿಯೂ ದೂರು ಕೊಡಬಹುದು. ವಿಜಯಪುರದಲ್ಲಿ ಕಳೆದದ್ದಕ್ಕೆ ವಿಜಯಪುರಕ್ಕೇ ಹೋಗಿ ಎಂದು ನಮ್ಮ ಠಾಣೆ ಹೇಳುವಂತಿಲ್ಲ. ದೂರಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕಳುವಾಗಿದ್ದರೆ 'ಕಳುವಾಗಿದೆ' ಎಂದೇ ಬರೆಸಿ, 'ಕಳೆದುಹೋಗಿದೆ' ಎಂದಲ್ಲ. ಎರಡಕ್ಕೂ ಅಜಗಜಾಂತರ.

ನಾಲ್ಕನೆಯದು ಫೋನಿನ ಯಂತ್ರವನ್ನೇ ನಿರುಪಯೋಗಿಯಾಗಿಸುವುದು. ಪ್ರತಿ ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆಯುಂಟು. ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ದೊರೆತಿದೆ. ದೂರಿನ ಪ್ರತಿಯೊಡನೆ ಅಲ್ಲಿ ಈ ಸಂಖ್ಯೆ ಕೊಟ್ಟರೆ ಆ ಯಂತ್ರ ಯಾವ ಕಂಪೆನಿಯ ಸಿಮ್ಮಿಗೂ ಒಗ್ಗುವುದಿಲ್ಲ. ಇದಕ್ಕೆ ಅದೇ ನಂಬರಿನ ಹೊಸ ಸಿಮ್ಮು ಬೇಕು; ಹೊಸ ಸಿಮ್ಮಿಗೆ ಸಂದೇಶ ಬರಲು ಒಂದು ದಿನ ಹಿಡಿಯಬಹುದು. ಆದರೆ ಒಂದು ಎಚ್ಚರಿಕೆ: ಯಂತ್ರ ನಿಲ್ಲಿಸಿದ ಮಾತ್ರಕ್ಕೆ ಬಿಲ್ಲು ನಿಲ್ಲುವುದಿಲ್ಲ. ಕಳ್ಳನು ನಿಮ್ಮ ಸಿಮ್ಮನ್ನು ಬೇರೆ ಯಂತ್ರಕ್ಕೆ ಹಾಕಬಲ್ಲ. ಆದುದರಿಂದಲೇ ಸಿಮ್ಮು ಮೊದಲು, ಯಂತ್ರ ಆಮೇಲೆ.

ಇಷ್ಟಾದ ಮೇಲೂ ಬಿಲ್ಲು ಬಂದರೆ? ಸ್ವಯಂ ಪಾವತಿಗೆ ಒಪ್ಪಿಗೆ ಕೊಟ್ಟಿದ್ದರೆ ಬ್ಯಾಂಕಿಗೆ ಹೇಳಿ ಅದನ್ನು ನಿಲ್ಲಿಸಿ. ನಿಮ್ಮ ವಾಡಿಕೆಯ ಬಾಡಿಗೆಯನ್ನು ಕಟ್ಟಿ, ಉಳಿದ ಮೊತ್ತಕ್ಕೆ ತಕರಾರು ಇದೆಯೆಂದು ಬರವಣಿಗೆಯಲ್ಲಿ ತಿಳಿಸಿ. ಕರೆಗಳ ಪೂರ್ಣ ಪಟ್ಟಿ ಕೇಳಿ. ಐನೂರರ ಬಿಲ್ಲು ಸಾವಿರಗಳಿಗೆ ಏರುವಾಗ ಎಚ್ಚರಿಕೆ ಏಕೆ ಬರಲಿಲ್ಲವೆಂದೂ ಕೇಳಿ. ಪೋಸ್ಟ್‌ಪೇಯ್ಡ್ ಚಂದಾದಾರನ ಖರ್ಚು ಅವನ ಮಿತಿಯ ಶೇಕಡಾ 80 ಮುಟ್ಟಿದಾಗ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕಂಪೆನಿಗಳಿಗೆ ಹೇಳಿದೆ. ವಿನೋದವೆಂದರೆ ಆ ಎಚ್ಚರಿಕೆಯ ಸಂದೇಶ ಹೋಗುವುದು ಕಳುವಾದ ಫೋನಿಗೇ! ಆದ್ದರಿಂದ ಇನ್ನೊಂದು ನಂಬರನ್ನೂ ಕಂಪೆನಿಯಲ್ಲಿ ಬರೆಸಿಡುವುದು ಲೇಸು.

ದೂರಿಗೆ ಬಂದ ಉತ್ತರ ಸಮಾಧಾನ ತರದಿದ್ದರೆ, 2012ರ ನಿಯಮಾವಳಿಯಂತೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನ ಹೇಳಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ಅರ್ಜಿ ಹಾಕಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ವಿಜಯಪುರದ ಆಳು ವಿಜಯಪುರದ ಆಯೋಗದಲ್ಲೂ ಕೇಳಬಹುದು, ಇಲ್ಲಿಯೂ ಕೇಳಬಹುದು. ಅವಧಿ ಎರಡು ವರ್ಷ. ತೋಟದ ಫೋನು ವ್ಯಾಪಾರದ್ದು, ನೀವು ಗ್ರಾಹಕರಲ್ಲ ಎಂದು ಕಂಪೆನಿ ತಗಾದೆ ತೆಗೆಯಬಹುದು. ಸ್ವಂತ ದುಡಿಮೆಯಿಂದ ಜೀವನ ಸಾಗಿಸುವವನಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಎರಡು ಮೂರು ಎಕರೆಯ ಬೆಳೆಗಾರ ಅದನ್ನು ಧೈರ್ಯವಾಗಿ ಹೇಳಬಹುದು.

ಈ ಬಾಗಿಲು ಸುಲಭವಾಗಿ ತೆರೆದದ್ದಲ್ಲ. ಟೆಲಿಫೋನ್ ಬಿಲ್ಲಿನ ತಕರಾರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಪಂಚಾಯ್ತಿಕೆಯೇ ಗತಿ, ಗ್ರಾಹಕ ನ್ಯಾಯಾಲಯಕ್ಕೆ ಬರಬೇಡಿ ಎಂದು 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಅಹಮದಾಬಾದಿನ ಚಂದಾದಾರರೊಬ್ಬರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ಲು 2013ರ ನವೆಂಬರ್–ಡಿಸೆಂಬರಿನಲ್ಲಿ 24,609 ರೂಪಾಯಿ 51 ಪೈಸೆಗೆ ಏರಿತು. ಅದು ಕಳುವಿನ ಪ್ರಕರಣವಲ್ಲ, ಆದರೆ ಪ್ರಶ್ನೆ ನಮ್ಮದೇ: ತಾನು ಮಾಡದ ಖರ್ಚನ್ನು ಗ್ರಾಹಕ ಏಕೆ ತೆರಬೇಕು? ಅವರು 2014ರಲ್ಲಿ ಜಿಲ್ಲಾ ವೇದಿಕೆಗೆ ಹೋದರು. ಅದು ಈ ದೂರನ್ನು ಕೇಳಬಹುದೇ ಎಂಬ ಒಂದೇ ಪ್ರಶ್ನೆ ದೆಹಲಿಯವರೆಗೂ ಹೋಯಿತು. 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೇಳಬಹುದೆಂದು ತೀರ್ಪಿತ್ತಿತು. 2023ರ ದೂರಸಂಪರ್ಕ ಕಾಯ್ದೆಯೂ ಗ್ರಾಹಕನ ಈ ಹಕ್ಕನ್ನು ಉಳಿಸಿದೆ. ಒಬ್ಬ ಸಾಮಾನ್ಯ ಗ್ರಾಹಕ ಎಂಟು ವರ್ಷ ಹಟ ಹಿಡಿದು ತೆರೆಸಿದ ಬಾಗಿಲಿದು. ಅದರೊಳಗೆ ಕಾಲಿಡಲು ಬೇಸರಿಸಿ ನಾವು ಬಡವನ ಕೂಲಿಗೆ ಕೈಹಾಕುವುದು ಶೋಭಿಸದು.

ಕಪ್ಪು ಫೋನಿನ ಕಾಲದಲ್ಲಿ ಬಿಲ್ಲಿಗೆ ಹೆದರಿ ಡಯಲಿಗೆ ಬೀಗ ಹಾಕಿಡುತ್ತಿದ್ದುದನ್ನು ಹಿರಿಯ ಸದಸ್ಯರು ಬಲ್ಲರು. ಈಗಿನ ಬೀಗ ಕಾಗದದ ಬೀಗ; ಅದನ್ನು ಮೊದಲೇ ಹಾಕಿಡಬೇಕು. ಮುಂದಿನ ಕುಯ್ಲಿನೊಳಗೆ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ತೆರೆಯುತ್ತೇವೆ. ಸದಸ್ಯರು ತಮ್ಮ ಹಾಗೂ ತಮ್ಮ ಆಳುಗಳ ಫೋನುಗಳಲ್ಲಿ *#06# ಒತ್ತಿ, ಕಾಣಿಸುವ 15 ಅಂಕಿಗಳನ್ನು ಬರೆಸಿ ಹೋಗಬೇಕು. ತಕರಾರಿನ ಪತ್ರದ ಮಾದರಿಯನ್ನೂ ಅಚ್ಚು ಹಾಕಿಸಿಡುತ್ತೇವೆ. ಹೆಸರು, ತಾರೀಖು, ದೂರು ಸಂಖ್ಯೆ ತುಂಬಿದರೆ ಸಾಕು. ಮೇಸ್ತ್ರಿಗಳಿಗೆ ಅವರವರ ಹೆಸರಿನಲ್ಲೇ ಸಿಮ್ಮು ಕೊಡಿಸಿ, ರೀಚಾರ್ಜಿನ ಹಣ ನೀವು ಕೊಡಿ. ಒಬ್ಬರ ಹೆಸರು, ಇನ್ನೊಬ್ಬರ ಕೈ ಎಂಬ ವ್ಯವಹಾರ ಬಿಲ್ಲಿಗೂ ಕೆಡುಕು, ಪೊಲೀಸು ವಿಚಾರಣೆಗೂ ಕೆಡುಕು.

ಕೊನೆಯದಾಗಿ, ಊರಿಗೆ ಹೊರಟ ಆಳುಗಳಿಗೆ ಬಸ್ಸು ಹತ್ತುವ ಮುನ್ನ ಒಂದು ಮಾತು ಹೇಳಿ ಕಳಿಸಿ: "ಫೋನು ಹೋದರೆ ಹೋಗಲಿ, ಕೂಡಲೇ ತಿಳಿಸು, ನಿನ್ನ ಕೂಲಿಯಲ್ಲಿ ಹಿಡಿಯುವುದಿಲ್ಲ." ಮುಂದಿನ ಮಹಾಸಭೆಯಲ್ಲಿ ಇದನ್ನೇ ನಿರ್ಣಯವಾಗಿ ಮಂಡಿಸಲಿದ್ದೇವೆ. ಸದಸ್ಯರು ಬಂದು ಚರ್ಚಿಸಿ ಒಪ್ಪಿಗೆ ಕೊಡಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ